ಭಾರತದ ಪಾಸ್‌ಪೋರ್ಟ್ ಇದ್ದರೂ ಬ್ರಿಟನ್ನಿನಲ್ಲಿ ಮತ ಹಾಕಬಹುದು
ಕೆಲಸದ ವೀಸಾದ ಮೇಲೆ ಬ್ರಿಟನ್ನಿನ ರೆಡಿಂಗ್‌ನಲ್ಲಿರುವ ತಾವು, ಮತದಾನಕ್ಕಾಗಿ ಬ್ರಿಟಿಷ್ ಪೌರತ್ವ ಪಡೆಯಲೇಬೇಕೇ, ಪಡೆದರೆ ಊರಿನ ಅಡಿಕೆ ತೋಟದ ಗತಿಯೇನು ಎಂದು ಕೇಳಿದ್ದೀರಿ. ಮತದಾನಕ್ಕೆ ಪೌರತ್ವ ಬೇಕಿಲ್ಲ. ಭಾರತವು ಕಾಮನ್‌ವೆಲ್ತ್ ರಾಷ್ಟ್ರವಾದ್ದರಿಂದ, ಇಲ್ಲಿ ವಾಸಿಸಲು ಅನುಮತಿಯಿರುವ, 18 ವರ್ಷ ತುಂಬಿದ ಭಾರತೀಯರು ಸಂಸತ್ ಚುನಾವಣೆಯಲ್ಲೂ ಮತ ಹಾಕಬಹುದು. ಮೊದಲೇ ಮತದಾರರ ಪಟ್ಟಿಗೆ ಹೆಸರು ಸೇರಿಸಿರಬೇಕು, ಮತಗಟ್ಟೆಯಲ್ಲಿ ಗುರುತಿಗೆ ನಮ್ಮ ನೀಲಿ ಪಾಸ್‌ಪೋರ್ಟೇ ನಡೆಯುತ್ತದೆ. ವೀಸಾ ನಿಯಮಗಳ ಭಾರ ಹೊರುವವರೇ ಈ ಹಕ್ಕನ್ನು ಅರಿಯದೆ ಮನೆಯಲ್ಲಿ ಉಳಿಯುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಬ್ರಿಟಿಷ್ ಪೌರತ್ವ ಪಡೆದರೆ ಮಾತ್ರ, ಭಾರತದ 1955ರ ಪೌರತ್ವ ಕಾಯಿದೆಯ 9ನೇ ಸೆಕ್ಷನ್‌ನಂತೆ ಭಾರತದ ಪೌರತ್ವ ಕೊನೆಗೊಳ್ಳುತ್ತದೆ. ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಭಾರತ ಕೊಡುವ ಒಸಿಐ ಕಾರ್ಡ್ ಇದ್ದರೂ ಭಾರತದಲ್ಲಿ ಮತ ಹಾಕುವಂತಿಲ್ಲ, ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ. ತಂದೆಯವರ ತೋಟವು ವಾರಸುದಾರಿಕೆಯಿಂದ ತಮಗೆ ಬರುವುದಕ್ಕೆ ಅಡ್ಡಿಯಿಲ್ಲ.