ಟ್ರೈಲರ್ ತೂಗಾಡುತ್ತಿದೆಯಾ? ಮೊದಲು ಭಾರ ಎಲ್ಲಿ ಕೂತಿದೆ ನೋಡಿ

ಪ್ರಶ್ನೆ: ಗೆಳೆಯನ ಟ್ರೈಲರನ್ನು ಕಾರಿಗೆ ಕಟ್ಟಿಕೊಂಡು ಮನೆ ಸಾಮಾನು ಸಾಗಿಸಿದೆ. ನಿಧಾನಕ್ಕೆ ಹೋಗುವಾಗ ಏನೂ ತೊಂದರೆ ಇರಲಿಲ್ಲ. ವೇಗ 70 ದಾಟಿದ ಮೇಲೆ ಅದು ಎಡಕ್ಕೆ ಬಲಕ್ಕೆ ತೂಗಾಡತೊಡಗಿತು, ಕಾರನ್ನೂ ಅಲ್ಲಾಡಿಸಿತು. ಕಾರಿಗೆ ಶಕ್ತಿ ಸಾಲದಾ? ಈಗ ಸ್ವಂತಕ್ಕೆ ಒಂದು ತಗೊಳ್ಳಬೇಕು ಅಂತಿದ್ದೇನೆ. ಸಾಮಾನಿಗೂ ಆಗಬೇಕು, ಸಣ್ಣ ದೋಣಿಗೂ ಆಗಬೇಕು. ಯಾವುದು ತಗೊಳ್ಳಲಿ?

ಉತ್ತರ: ಶಕ್ತಿ ಸಾಲದಿದ್ದರೆ ಕಾರು ಏರಿನಲ್ಲಿ ಏದುಸಿರು ಬಿಡುತ್ತದೆ, ತೂಗಾಡುವುದಿಲ್ಲ. ತೂಗಾಟಕ್ಕೆ ಹೆಚ್ಚಿನ ಸಲ ಕಾರಣ ಭಾರ ಹಿಂದೆ ಬಿದ್ದಿರುವುದು. ಎತ್ತಿನ ಗಾಡಿ ಹೇರುವವರಿಗೆ ಇದು ಚೆನ್ನಾಗಿ ಗೊತ್ತು. ಹಿಂದೆ ಜಾಸ್ತಿ ಹೇರಿದರೆ ಮೂಕಿ ಮೇಲೇಳುತ್ತದೆ, ಮುಂದೆ ಜಾಸ್ತಿಯಾದರೆ ನೊಗ ಎತ್ತಿನ ಕುತ್ತಿಗೆ ಒತ್ತುತ್ತದೆ. ಟ್ರೈಲರಿನದ್ದೂ ಅದೇ ಲೆಕ್ಕ.

ಸಾಮಾನು ಸೇರಿ ಟ್ರೈಲರಿನ ಒಟ್ಟು ತೂಕದಲ್ಲಿ ಸುಮಾರು ನೂರಕ್ಕೆ 10ರಷ್ಟು ಕಾರಿನ ಕೊಂಡಿಯ ಗುಂಡಿನ ಮೇಲೆ, ಅಂದರೆ ಟ್ರೈಲರ್ ಸಿಕ್ಕಿಸುವ ಲೋಹದ ಉಂಡೆಯ ಮೇಲೆ, ಕೂರಬೇಕು. ಅಂದರೆ 800 ಕಿಲೋ ಟ್ರೈಲರಿಗೆ 80 ಕಿಲೋ. ಆದರೆ ನಿಮ್ಮ ಕಾರಿನ ಕೈಪಿಡಿ 75 ಕಿಲೋ ಮೀರಬಾರದು ಅಂದರೆ ಅಲ್ಲಿಗೇ ನಿಲ್ಲಿಸಿ, ಅಲ್ಲಿ ಬರೆದ ಮಿತಿಯೇ ಕೊನೆ ಮಾತು. ಅಳೆಯುವುದು ಸುಲಭ. ಸಮತಟ್ಟು ಜಾಗದಲ್ಲಿ ಚಕ್ರಕ್ಕೆ ಅಡ್ಡ ಕೊಟ್ಟು, ಮನೆಯಲ್ಲಿ ಮೈತೂಕ ನೋಡುವ ಯಂತ್ರ ಇಟ್ಟು, ಅದರ ಮೇಲೆ ಗುಂಡಿನಷ್ಟೇ ಎತ್ತರಕ್ಕೆ ಒಂದು ಮರದ ತುಂಡು ನಿಲ್ಲಿಸಿ, ಟ್ರೈಲರಿನ ಮೂತಿಯನ್ನು ಅದರ ಮೇಲೆ ಕೂರಿಸಿ. ಒಮ್ಮೆ ನಾನು ಹೀಗೆ ನೋಡಿದಾಗ ಬರೀ 20 ಕಿಲೋ ತೋರಿಸಿತು. ವಾಷಿಂಗ್ ಮೆಷಿನ್ ಹಿಂಬಾಗಿಲ ಹತ್ತಿರ ಇತ್ತು. ಅದನ್ನು ಎತ್ತಿ ಚಕ್ರಕ್ಕಿಂತ ಸ್ವಲ್ಪ ಮುಂದೆ ಇಟ್ಟು ಬಿಗಿದು ಕಟ್ಟಿದೆವು, ಅಷ್ಟೇ. ಆಮೇಲೆ ದಾರಿಯುದ್ದಕ್ಕೂ ತೂಗಾಟವೇ ಇರಲಿಲ್ಲ.

ಓಡಿಸುವಾಗ ಮತ್ತೆ ತೂಗಾಡಿದರೆ ದಯವಿಟ್ಟು ಕಾರಿನ ಬ್ರೇಕ್ ಜೋರಾಗಿ ಒತ್ತಬೇಡಿ. ವೇಗ ಹೆಚ್ಚಿಸಿ ಸರಿಮಾಡಲೂ ಹೋಗಬೇಡಿ. ಆಕ್ಸಲರೇಟರಿನಿಂದ ಕಾಲು ತೆಗೆಯಿರಿ, ಸ್ಟೇರಿಂಗ್ ನೇರ ಹಿಡಿಯಿರಿ, ತಾನಾಗಿ ನಿಧಾನವಾಗಲಿ. ಆಮೇಲೆ ಬದಿಗೆ ನಿಲ್ಲಿಸಿ ಸಾಮಾನು ಸರಿಸಿ.

ಇನ್ನು ಯಾವುದು ಕೊಳ್ಳುವುದು ಅಂದರೆ, ಎರಡಕ್ಕೂ ಒಂದೇ ಅನ್ನುವ ಆಸೆ ಬಿಡಿ. ಸಾಮಾನಿಗೆ ಸುತ್ತ ಹಲಗೆ ಇರುವ ತೆರೆದ ಟ್ರೈಲರ್ ಸಾಕು. ಮಳೆ, ಕಳ್ಳತನದ ಭಯ ಇದ್ದರೆ ಮುಚ್ಚಿದ್ದು, ಆದರೆ ಅಡ್ಡಗಾಳಿ ಅದನ್ನು ಜಾಸ್ತಿ ತಳ್ಳುತ್ತದೆ. ದೋಣಿಗೆ ಅದರ ತಳಕ್ಕೆ ಹೊಂದುವ ಉರುಳೆ ಅಥವಾ ಮೆತ್ತೆ ಹಾಕಿದ ಹಲಗೆ ಇರುವ ಚೌಕಟ್ಟೇ ಬೇಕು. ಚಪ್ಪಟೆ ನೆಲದ ಮೇಲೆ ದೋಣಿ ಕೂರಿಸಿ ಕಟ್ಟಿದರೆ ತಳ ಹಾಳಾಗುತ್ತದೆ. ಯಾವುದರ ಬಳಕೆ ಹೆಚ್ಚೋ ಅದನ್ನು ಕೊಳ್ಳಿ, ಇನ್ನೊಂದನ್ನು ಬಾಡಿಗೆಗೆ ತನ್ನಿ.

ತೂಕ ಜಾಸ್ತಿಯಾದಂತೆ ಟ್ರೈಲರಿಗೆ ಅದರದ್ದೇ ಬ್ರೇಕ್ ಬೇಕಾಗುತ್ತದೆ. ಯುರೋಪ್, ಆಸ್ಟ್ರೇಲಿಯಾಗಳಲ್ಲಿ 750 ಕಿಲೋ ದಾಟಿದರೆ ಕಡ್ಡಾಯ. ಕಾರು ನಿಧಾನವಾದಾಗ ಟ್ರೈಲರ್ ಮುಂದಕ್ಕೆ ನೂಕುತ್ತದಲ್ವಾ, ಆ ನೂಕಿನಿಂದಲೇ ಕೆಲಸ ಮಾಡುವ ಬ್ರೇಕೂ ಇದೆ.

ಕೊಂಡಿ ಹಾಕುವಾಗ ಗುಂಡಿನ ಮೇಲೂ ಕಪ್ಲರಿನ (ಟ್ರೈಲರಿನ ಮೂತಿಯಲ್ಲಿ ಗುಂಡನ್ನು ಹಿಡಿಯುವ ಭಾಗ) ಮೇಲೂ ಒಂದೇ ಅಳತೆ ಬರೆದಿದೆಯಾ ನೋಡಿ. 50 ಮಿ.ಮೀ. ಮತ್ತು 2 ಇಂಚು ಕಣ್ಣಿಗೆ ಒಂದೇ ಥರ ಕಾಣುತ್ತವೆ, ಆದರೆ 2 ಇಂಚು ಅಂದರೆ 50.8 ಮಿ.ಮೀ. ಚಿಲಕ ಹಾಕಿದ ಮೇಲೆ ಟ್ರೈಲರಿನ ಮೂತಿಯನ್ನು ಜಾಕಿನಿಂದ ಎತ್ತಿ ನೋಡಿ, ಕಾರಿನ ಹಿಂಭಾಗವೂ ಜೊತೆಗೆ ಏಳಬೇಕು. ಸುರಕ್ಷತಾ ಸರಪಳಿಗಳನ್ನು ಕಪ್ಲರಿನ ಕೆಳಗೆ ಅಡ್ಡಡ್ಡ ಹಾಕಿ. ಕೊಂಡಿ ಕಳಚಿದರೂ ಮೂತಿ ರಸ್ತೆಗೆ ಬೀಳದೆ ಸರಪಳಿಯ ಮೇಲೆ ಕೂರುತ್ತದೆ.

ದೋಣಿಯವರಿಗೆ ಒಂದು ಮಾತು. ದೂರ ಓಡಿ ಬಂದ ಚಕ್ರದ ಹಬ್ (ಬೇರಿಂಗ್ ಇರುವ ನಡುಭಾಗ) ಬಿಸಿ ಇರುತ್ತದೆ. ಹಾಗೇ ನೀರಿಗೆ ಇಳಿಸಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ, ಗ್ರೀಸ್ ಕೆಡುತ್ತದೆ, ಬೇರಿಂಗ್ ಹೋಗುತ್ತದೆ. ಅರ್ಧ ಗಂಟೆ ಆರಲು ಬಿಡಿ, ದೀಪದ ವೈರಿನ ಪ್ಲಗ್ಗನ್ನೂ ತೆಗೆಯಿರಿ.

ಪ್ರಶ್ನೆ: ರಿವರ್ಸ್ ಹಾಕಿದಾಗಲೆಲ್ಲ ಟ್ರೈಲರ್ ಬೇಡದ ಕಡೆಗೇ ತಿರುಗುತ್ತದೆ. ಏನು ಮಾಡಲಿ?

ಉತ್ತರ: ಸ್ಟೇರಿಂಗಿನ ಮೇಲ್ಭಾಗ ಬಿಟ್ಟು ಕೆಳಭಾಗ ಹಿಡಿಯಿರಿ. ಟ್ರೈಲರ್ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೆ ಸರಿಸಿ. ಸ್ವಲ್ಪ ಸ್ವಲ್ಪವೇ, ತುಂಬಾ ನಿಧಾನವಾಗಿ. ಗಿಡ್ಡ ಟ್ರೈಲರ್ ಉದ್ದದ್ದಕ್ಕಿಂತ ಬೇಗ ಮಡಚಿಕೊಳ್ಳುತ್ತದೆ, ಹಾಗಾಗಿ ಸಣ್ಣದು ಸುಲಭ ಅಂದುಕೊಳ್ಳಬೇಡಿ. ಕೋನ ಜಾಸ್ತಿಯಾಯಿತು ಅನಿಸಿದ ತಕ್ಷಣ ನಿಲ್ಲಿಸಿ, ಮುಂದಕ್ಕೆ ಎಳೆದು ನೇರ ಮಾಡಿಕೊಂಡು ಮತ್ತೆ ಹಿಂದೆ ಬನ್ನಿ.