ಹೆತ್ತ ಕರುಳಿಗೂ ಕೂಲಿಯೇ? – ಒಂದು ಆಪ್ತಸಲಹೆ ಪ್ರಕರಣ

ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರ ಈ ತಾಯಿ ನನ್ನ ಬಳಿ ಬಂದದ್ದು ನಿದ್ದೆ ಹತ್ತುವುದಿಲ್ಲ ಎಂಬ ದೂರಿನೊಂದಿಗೆ. ಚಿಕ್ಕಬಳ್ಳಾಪುರದಲ್ಲಿ ವಾರಕ್ಕೆರಡು ದಿನ ನಾನು ಕೂರುವ ಕೊಠಡಿಗೆ ಅವರನ್ನು ಕಳುಹಿಸಿದವರು ಸೊಂಟನೋವಿಗೆ ಮಾತ್ರೆ ಬರೆದುಕೊಟ್ಟಿದ್ದ ವೈದ್ಯರು. ಮೂರು ತಿಂಗಳು ಮಾತ್ರೆ ನುಂಗಿದರೂ ನೋವು ಇಳಿಯದೆ, ಕೇಳಿದ ಪ್ರಶ್ನೆಗೆಲ್ಲ ಕಣ್ಣೀರೇ ಉತ್ತರವಾದಾಗ ಇದು ಬರೀ ಸೊಂಟದ ಕಾಯಿಲೆಯಲ್ಲ ಎಂದು ಅವರಿಗೆ ಅನ್ನಿಸಿತ್ತು. ಗುರುತು ಹತ್ತಬಾರದೆಂದು ಇಲ್ಲಿ ವಯಸ್ಸನ್ನೂ ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ. ಬರೆಯುವುದಕ್ಕೆ ತಾಯಿ, ತಂದೆ, ಮಗ ಮೂವರ ಒಪ್ಪಿಗೆಯೂ ಇದೆ.

ತಾಯಿಗೆ 47 ವರ್ಷ, ಮಗನಿಗೆ 22. ಮಗನಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿಗಾದ ಹಾನಿಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ. ನಾಲ್ಕೂ ಕೈಕಾಲು ಬಿಗಿ, ಮಾತು ಹೊರಡುವುದಿಲ್ಲ, ಆದರೆ ಮನೆಯಲ್ಲಿ ಆಡಿದ ಒಂದು ಮಾತೂ ಅವನ ಕಿವಿ ತಪ್ಪಿ ಹೋಗುವುದಿಲ್ಲ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನಲ್ಲಿ ಅಂಗವಿಕಲತೆ ಶೇ 90 ಎಂದಿದೆ. ಶೇ 75ಕ್ಕಿಂತ ಹೆಚ್ಚಿನ ಅಂಗವಿಕಲತೆಗೆ ಸಿಗುವ 1,400 ರೂಪಾಯಿ ಮಾಸಾಶನ ಬರುತ್ತಿದೆ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕುವ ಒಂದು ಹುಳುಮನೆ, ಇಷ್ಟು ಆಸ್ತಿ. ತಾಯಿ ಮೊದಲು ಊರಿನ ಪಕ್ಕದ ಫಿಲೇಚರ್‌ಗೆ (ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕಾರ್ಖಾನೆಗೆ) ನೂಲು ತೆಗೆಯುವ ಕೂಲಿಗೆ ಹೋಗುತ್ತಿದ್ದರು. ಮಗ ಬೆಳೆದು, ಅವನನ್ನು ಎತ್ತುವುದು ಅತ್ತೆಯ ಕೈಲಾಗದ ದಿನದಿಂದ ಅದನ್ನು ಬಿಟ್ಟರು.

ನಿದ್ದೆ ಕೆಟ್ಟದ್ದು ಒಂದು ಅರ್ಜಿಯ ಕಾರಣಕ್ಕೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆ ಕೊಡುವುದಾಗಿ ರಾಜ್ಯ ಸರ್ಕಾರ 2024-25ರ ಬಜೆಟ್‌ನಲ್ಲಿ ಘೋಷಿಸಿತ್ತು. ಅದರ ಅರ್ಜಿ ಹಿಡಿದು ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಮನೆಗೆ ಬಂದಾಗ ಜಗುಲಿಯ ಮೇಲೆ ನಾಲ್ಕು ಜನ ಕೂತಿದ್ದರು. ಗೃಹಲಕ್ಷ್ಮಿಯ 2,000 ರೂಪಾಯಿಯಿಂದ ಶುರುವಾಗಿ ‘ಬಿಟ್ಟಿ ಭಾಗ್ಯ’ದ ಮಾತು ನಡೆದೇ ಇತ್ತು. ಮೈದುನ ನಗುತ್ತಾ, “ಹೆತ್ತ ಮಗನ ಕುಂಡಿ ತೊಳೆಯೋಕೂ ಸರ್ಕಾರ ಕೂಲಿ ಕೊಡಬೇಕಾ ಅತ್ತಿಗೆ?” ಎಂದ. ಯಾರೂ ಅವನನ್ನು ತಡೆಯಲಿಲ್ಲ. ಅಂದು ಸಂಜೆ ಆಕೆ ಅರ್ಜಿಯನ್ನು ಒಲೆಗೆ ಹಾಕಿದರು. “ಬರೋ ದುಡ್ಡನ್ನ ಸುಟ್ಟಳು” ಎಂದು ಗಂಡ ಎರಡು ದಿನ ಮಾತು ಬಿಟ್ಟ. ಹಣ ಬೇಡವೆಂದರೆ ಗಂಡನ ಸಿಟ್ಟು, ಬೇಕೆಂದರೆ ಊರಿನ ನಗು. ಇವೆರಡರ ನಡುವೆ, ಮಗನನ್ನು ತಾನು ಇಷ್ಟು ವರ್ಷ ನೋಡಿಕೊಂಡದ್ದು ಪ್ರೀತಿಯಿಂದಲೋ ಬೇರೆ ದಾರಿಯಿಲ್ಲದೆಯೋ ಎಂಬ ಅನುಮಾನ ಆಕೆಯೊಳಗೇ ಎದ್ದಿತ್ತು. ಅದನ್ನು ಆಕೆ ನನಗೆ ಹೇಳಿದ್ದು ಬಹಳ ತಡವಾಗಿ, ಮತ್ತು ಆ ತಡಕ್ಕೆ ನಾನೇ ಕಾರಣ.

ಮೊದಲ ಭೇಟಿಯಲ್ಲಿ ನಾನು ಮಾಡಿದ್ದು ಹೊಸಬರು ಮಾಡುವ ತಪ್ಪು. ಸಮಸ್ಯೆ ಕೇಳಿದ ಹತ್ತು ನಿಮಿಷಕ್ಕೆ ಯೋಜನೆಗಳ ಪಟ್ಟಿ ಬಿಚ್ಚಿದೆ: ಈ ಭತ್ಯೆ, ಆ ವಿಮೆ, ಇಂಥ ಕಚೇರಿ, ಇಂಥ ದಾಖಲೆ. ಆಕೆ ಮೂರು ಸಲ “ಆಯ್ತು ಮೇಡಂ” ಎಂದರು, ಎದ್ದು ಹೋದರು, ಮೂರು ವಾರ ಬರಲಿಲ್ಲ. ಆಕೆಗೆ ಬೇಕಾಗಿದ್ದುದು ಅರ್ಜಿಯ ದಾರಿಯಲ್ಲ. ಅರ್ಜಿ ಹಾಕುವುದು ನಾಚಿಕೆಯ ಕೆಲಸವೋ ಅಲ್ಲವೋ ಎಂಬುದಕ್ಕೆ ಒಂದು ಉತ್ತರ. ಆ ಪ್ರಶ್ನೆಯನ್ನು ನಾನು ಕೇಳಿಸಿಕೊಂಡಿರಲಿಲ್ಲ.

ಎರಡನೆಯ ಭೇಟಿಯಲ್ಲಿ ನಾನು ಏನನ್ನೂ ವಿವರಿಸಲಿಲ್ಲ. ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಮಗನಿಗಾಗಿ ಏನೇನು ಮಾಡಿದಿರಿ, ಒಂದನ್ನೂ ಬಿಡದೆ ಹೇಳಿ, ನಾನು ಬರೆದುಕೊಳ್ಳುತ್ತೇನೆ ಎಂದೆ. “ಅದೇನಿದೆ ಹೇಳೋಕೆ, ಎಲ್ಲರ ಮನೇಲಿ ಇದ್ದದ್ದೇ” ಎಂದು ಶುರುಮಾಡಿದವರು ನಿಲ್ಲಿಸಿದ್ದು ಮುಕ್ಕಾಲು ಗಂಟೆಯ ನಂತರ. ಬೆಳಿಗ್ಗೆ ನಾಲ್ಕೂವರೆಗೆ ಒದ್ದೆ ಬಟ್ಟೆ ಬದಲಿಸುವುದು. ಹಾಸಿಗೆಯಿಂದ ಕುರ್ಚಿಗೆ ದಾಟಿಸುವಾಗ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಅವನ ಕಂಕುಳಡಿ ಹಾಯಿಸಿ, ಎರಡೂ ತುದಿಯನ್ನು ಮುಂಗೈಗೆ ಸುತ್ತಿಕೊಂಡು, ಒಂದು ಮಂಡಿಯನ್ನು ಮಂಚಕ್ಕೆ ಒತ್ತಿ ಎತ್ತುವುದು. ಮಗನ ತೂಕ 41 ಕಿಲೋ. ರಾಗಿ ಗಂಜಿಯನ್ನು ಅರ್ಧರ್ಧ ಚಮಚ ಕುಡಿಸಿ, ಗಂಟಲಿನ ಉಬ್ಬು ಮೇಲೆ ಹೋಗಿ ಕೆಳಗೆ ಬಂತೇ ಎಂದು ನೋಡಿ ಮುಂದಿನ ಚಮಚ ಕೊಡುವುದು. ಅವಸರ ಮಾಡಿದರೆ ಕೆಮ್ಮು ಹತ್ತಿ ಗಂಜಿ ಶ್ವಾಸಕ್ಕೆ ಹೋಗುತ್ತದೆ, ಹಾಗಾಗಿ ಒಂದು ಲೋಟ ಗಂಜಿಗೆ ಐವತ್ತು ನಿಮಿಷ. ಬೆನ್ನುಹುಣ್ಣು ಆಗದಂತೆ ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಕೂಡಿಸಿ ನೋಡಿದಾಗ ಒಂಬತ್ತು ಗಂಟೆ ನಲವತ್ತು ನಿಮಿಷ ಬಂತು. ಅಡುಗೆ, ಹಸು, ಸೊಪ್ಪು ಕೊಯ್ಲು ಬೇರೆ.

ಕಾಗದವನ್ನು ಅವರ ಕಡೆಗೆ ತಿರುಗಿಸಿ, ಹುಳುಮನೆಯಲ್ಲಿ ಇಷ್ಟು ಹೊತ್ತು ದುಡಿದರೆ ಅದನ್ನು ಏನೆನ್ನುತ್ತೀರಿ ಎಂದು ಕೇಳಿದೆ. “ಕೆಲಸ” ಎಂದರು. ಹೇಳಿದವರೇ ಸುಮ್ಮನೆ ಕೂತರು. ಕೆಲಸ ಎಂದ ಮಾತ್ರಕ್ಕೆ ಪ್ರೀತಿ ಸುಳ್ಳಾಗುತ್ತದೆಯೇ ಎಂಬುದರ ಮೇಲೆ ಅಂದು ಉಳಿದ ಹೊತ್ತೆಲ್ಲ ಮಾತಾಡಿದೆವು. ಆಗ ಹೊರಬಂದದ್ದು ಮೊದಲು ಹೇಳಿದ ಆ ಅನುಮಾನ.

ಜಗುಲಿಯ ಮೇಲಿನ ವಾದವನ್ನು ಆಪ್ತಸಲಹೆಗಾರರು ತಳ್ಳಿಹಾಕಬಾರದು, ಏಕೆಂದರೆ ಮನೆಗೆ ಹೋದ ಮೇಲೆ ಆ ತಾಯಿ ಎದುರಿಸಬೇಕಾದದ್ದು ಅದನ್ನೇ. ವೃದ್ಧಾಪ್ಯ, ಕಾಯಿಲೆ, ಅಂಗವೈಕಲ್ಯದ ಸಂದರ್ಭದಲ್ಲಿ ರಾಜ್ಯವು ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ಸಾರ್ವಜನಿಕ ನೆರವಿನ ಹಕ್ಕನ್ನು ಒದಗಿಸಬೇಕು ಎಂದು ಸಂವಿಧಾನದ 41ನೇ ವಿಧಿ ಹೇಳುತ್ತದೆ; ಆದರೆ ಅದು ನಿರ್ದೇಶಕ ತತ್ವ, ಅದೊಂದನ್ನೇ ಹಿಡಿದು ನ್ಯಾಯಾಲಯಕ್ಕೆ ಹೋಗಲಾಗದು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಎಂಬುದನ್ನು 24ನೇ ಸೆಕ್ಷನ್‌ನಲ್ಲಿ ಹೆಸರಿಟ್ಟೇ ಬರೆದಿದೆ, ಮತ್ತು ‘ಆರೈಕೆದಾರ’ ಎಂಬ ಪದದ ವ್ಯಾಖ್ಯೆಯೊಳಗೆ ತಂದೆತಾಯಿಯನ್ನೂ ಮನೆಯವರನ್ನೂ ಸೇರಿಸಿದೆ. ಅಂದರೆ ಮೈದುನ ಕೇಳಿದ ಪ್ರಶ್ನೆಗೆ ಸಂಸತ್ತು ಆಗಲೇ ಉತ್ತರ ಕೊಟ್ಟಿದೆ. ಇದನ್ನು ಅರ್ಥವಾಗುವ ಮಾತಿನಲ್ಲಿ ಹೇಳಿದಾಗ ಆಕೆಗೆ ಸ್ವಲ್ಪ ಧೈರ್ಯ ಬಂತು. ಅದಕ್ಕಿಂತ ಹೆಚ್ಚು ಧೈರ್ಯ ತಂದದ್ದು ಬೇರೊಂದು ವಿಷಯ. ಮೈದುನ ಹನಿ ನೀರಾವರಿಗೆ ಸಹಾಯಧನ ಪಡೆದಿದ್ದ, ಹುಳುಮನೆ ಕಟ್ಟಲೂ ಪಡೆದಿದ್ದ; ಹುಳು ಸಾಕುವುದಕ್ಕೆ ಸರ್ಕಾರ ಕೊಟ್ಟರೆ ಅದು ಪ್ರೋತ್ಸಾಹ, ಮಗನನ್ನು ಸಾಕುವುದಕ್ಕೆ ಕೊಟ್ಟರೆ ಬಿಟ್ಟಿ ಎಂಬ ಲೆಕ್ಕ ಆಕೆಗೆ ತಾನಾಗಿಯೇ ಹೊಳೆಯಿತು. ಬಂದಾಗಿನಿಂದ ಆಕೆ ನಕ್ಕದ್ದು ಅದೇ ಮೊದಲು.

ಇನ್ನೊಂದು ಆಕ್ಷೇಪವಿದೆ, ಅದನ್ನು ಜಗುಲಿಯವರು ಎತ್ತಲಿಲ್ಲ, ನನ್ನನ್ನು ಮಾತ್ರ ಕಾಡುತ್ತದೆ. ಸಾವಿರ ರೂಪಾಯಿ ಎಂದರೆ ದಿನಕ್ಕೆ 33 ರೂಪಾಯಿ ಚಿಲ್ಲರೆ, ಆಕೆಯ ಲೆಕ್ಕದಲ್ಲಿ ಗಂಟೆಗೆ ಮೂರೂವರೆ ರೂಪಾಯಿಯೂ ಆಗದು. ಈ ಹಣ ಕೊಟ್ಟು “ನಿನಗೆ ಸಂಬಳ ಬರುತ್ತದಲ್ಲ, ಇನ್ನು ನೀನೇ ನೋಡಿಕೋ” ಎಂದು ಗಂಡನೂ ಊರೂ ಕೈ ತೊಳೆದುಕೊಂಡರೆ, ಭತ್ಯೆಯೇ ಆಕೆಯ ಕಾಲಿಗೆ ಹಗ್ಗವಾಗುತ್ತದೆ. ಸ್ಕಾಟ್ಲೆಂಡ್‌ನಲ್ಲಿ ಸ್ನಾನ, ಬಟ್ಟೆ, ಊಟ, ಶೌಚಗಳ ನೆರವನ್ನು 65 ದಾಟಿದವರಿಗೆ 2002ರಿಂದ, ಅಗತ್ಯವೆಂದು ತೀರ್ಮಾನವಾದ ಎಲ್ಲ ವಯಸ್ಕರಿಗೂ 2019ರಿಂದ ಸರ್ಕಾರವೇ ಉಚಿತವಾಗಿ ಒದಗಿಸುತ್ತದೆ. ಖರ್ಚು ಎಲ್ಲಿಂದ ತರುವುದು ಎಂಬ ಜಗಳ ಅಲ್ಲಿಯೂ ಇದೆ, ಆದರೆ ಅಲ್ಲಿ ಮಾತು ಶುರುವಾಗುವುದೇ ಬಂದು ನೆರವಾಗುವ ಇನ್ನೊಂದು ಜೊತೆ ಕೈಗಳಿಂದ. ನಮ್ಮಲ್ಲಿ ಹಣ ಬರುತ್ತದೆ, ಕೈ ಬರುವುದಿಲ್ಲ. ಹಾಗೆಂದು ಭತ್ಯೆ ಬೇಡವೆನ್ನುವುದು ದಡ್ಡತನ. ಪಡೆಯಬೇಕು, ಆದರೆ ಅದಕ್ಕೆ ಬದಲಾಗಿ ಮನೆಯವರ ಕೈಗಳನ್ನು ಬಿಟ್ಟುಕೊಡಬಾರದು. ನನ್ನ ಸಲಹೆಯ ತಿರುಳು ಇಷ್ಟೇ ಆಗಿತ್ತು.

ಮನೆಯವರನ್ನೆಲ್ಲ ಕೂರಿಸಿ ಮಾತಾಡಬೇಕೆಂದು ನಾಲ್ಕನೆಯ ಭೇಟಿಯನ್ನು ಅವರ ಮನೆಯಲ್ಲಿಯೇ ಇಟ್ಟುಕೊಂಡೆವು. ಅಲ್ಲಿಯವರೆಗೆ ಮಗನನ್ನು ಕುರಿತು ಎಲ್ಲರೂ ಮಾತಾಡಿದ್ದೆವು, ನಾನೂ ಸೇರಿ. ಅವನೊಡನೆ ಯಾರೂ ಮಾತಾಡಿರಲಿಲ್ಲ. ಹೌದು ಎನ್ನಲು ಅವನು ಕಣ್ಣನ್ನು ಮೇಲಕ್ಕೆತ್ತುತ್ತಾನೆ, ಇಲ್ಲ ಎನ್ನಲು ರೆಪ್ಪೆ ಮುಚ್ಚುತ್ತಾನೆ. ತಾಯಿಯನ್ನು ಹೊರಗೆ ಕೂರಿಸಿ, ಒಂದೊಂದಾಗಿ ಕೇಳುತ್ತಾ ಹೋದೆ. ಊಟ ಅಮ್ಮನೇ ಮಾಡಿಸಬೇಕೇ? ಕಣ್ಣು ಮೇಲಕ್ಕೆ. ರಾತ್ರಿ ಪಕ್ಕದಲ್ಲಿ ಅಮ್ಮನೇ ಇರಬೇಕೇ? ಮೇಲಕ್ಕೆ. ಸ್ನಾನ? ರೆಪ್ಪೆ ಮುಚ್ಚಿದ, ತೆರೆಯಲು ತಡಮಾಡಿದ. ಅಪ್ಪ ಮಾಡಿಸಿದರೆ? ಮೇಲಕ್ಕೆ. ಯಾವ ವಯಸ್ಸಿನಿಂದ ಹೀಗನ್ನಿಸುತ್ತಿದೆ ಎಂದು ಹದಿಮೂರು, ಹದಿನಾಲ್ಕು ಎಂದು ಎಣಿಸುತ್ತಾ ಬಂದೆ. ಹದಿನಾರಕ್ಕೆ ಕಣ್ಣು ಮೇಲೆ ಹೋಯಿತು. ಆರು ವರ್ಷಗಳ ಕಾಲ ಆ ಹುಡುಗ, ಅಲ್ಲ, ಆ ಗಂಡಸು, ದಿನಾ ಬೆಳಿಗ್ಗೆ ಕಣ್ಣುಮುಚ್ಚಿ ತಾಯಿಯ ಕೈಯಲ್ಲಿ ಮೀಯುತ್ತಿದ್ದ. ನೀರು ಕಣ್ಣಿಗೆ ಬೀಳದಿರಲೆಂದು ಮುಚ್ಚುತ್ತಾನೆ ಎಂದು ಮನೆಯವರು ತಿಳಿದಿದ್ದರು. ಬಾಗಿಲಲ್ಲಿ ಸೊಪ್ಪಿನ ಬುಟ್ಟಿ ಹಿಡಿದು ನಿಂತಿದ್ದ ತಂದೆ ಬುಟ್ಟಿಯನ್ನು ಕೆಳಗಿಟ್ಟರು. ಈ ಪ್ರಕರಣವನ್ನು ಬರೆಯಲು ಅನುಮತಿ ಕೇಳಿದ್ದೂ ಅವನಿಗೆ ಹೀಗೆಯೇ.

ತಾಯಿಗೆ ತಿಳಿಸಿದಾಗ ಮೊದಲು ನೋವಾಯಿತು. “ನಾನೇ ಬೇಡವಾದೆನಾ?” ಎಂದರು. ಆ ನೋವನ್ನು ಸಮಾಧಾನದ ಮಾತಿನಿಂದ ಮುಚ್ಚಲು ನಾನು ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಗಂಡು ಹುಡುಗ ಅಲ್ವಾ, ನಂಗೇ ಹೊಳೀಬೇಕಿತ್ತು” ಎಂದರು.

ನಂತರ ಕೊಟ್ಟ ಸಲಹೆಗಳಲ್ಲಿ ಮುಖ್ಯವಾದವು ಇವು. ಭತ್ಯೆಗೆ ಮತ್ತೆ ಅರ್ಜಿ ಹಾಕುವುದು, ಆರೈಕೆದಾರರೆಂದು ತಾಯಿಯ ಹೆಸರನ್ನೇ ಬರೆಯುವುದು, ಹಣ ಆಕೆಯ ಸ್ವಂತ ಖಾತೆಗೆ ಬರುವಂತೆ ನೋಡಿಕೊಳ್ಳುವುದು, ಮತ್ತು ಅದನ್ನು ಮೇವು ಗೊಬ್ಬರದ ಲೆಕ್ಕಕ್ಕೆ ಸೇರಿಸದಿರುವುದು. ಸ್ನಾನದ ಕೆಲಸ ತಂದೆಯದು. ವಾರದಲ್ಲಿ ಎರಡು ರಾತ್ರಿ ಮಗ್ಗುಲು ಬದಲಿಸುವ ಪಾಳಿಯೂ ತಂದೆಯದು, ಆ ಎರಡು ರಾತ್ರಿ ತಾಯಿ ಬೇರೆ ಕೋಣೆಯಲ್ಲಿ ಮಲಗಬೇಕು. ಎತ್ತುವ ವಿಧಾನವನ್ನು ಇಬ್ಬರೂ ಫಿಸಿಯೋಥೆರಪಿಸ್ಟ್ ಬಳಿ ಕಲಿಯಬೇಕು, ಏಕೆಂದರೆ ಆ ಸೀರೆಯ ಉಪಾಯ ಆಕೆಯ ಸೊಂಟವನ್ನೂ ಅವನ ಭುಜವನ್ನೂ ಹಾಳುಮಾಡುತ್ತಿತ್ತು. ಸೆರೆಬ್ರಲ್ ಪಾಲ್ಸಿಯಂಥ ಅಂಗವೈಕಲ್ಯ ಇರುವವರಿಗಾಗಿ ಕೇಂದ್ರ ಸರ್ಕಾರ ಕಾಯ್ದೆಯ ಮೂಲಕ ರಚಿಸಿದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಗೆ ಮಗನನ್ನು ನೋಂದಾಯಿಸಲು ಹೇಳಿದೆ. ಅದೇ ಕಾಯ್ದೆಯಡಿ ಕಾನೂನುಬದ್ಧ ಪೋಷಕರಾಗಲು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕೇ ಎಂದು ತಂದೆ ಕೇಳಿದರು. ಬೇಕು ಬೇಡಗಳನ್ನು ಇಷ್ಟು ಸ್ಪಷ್ಟವಾಗಿ ತಿಳಿಸಬಲ್ಲವನ ವಿಷಯದಲ್ಲಿ ಅವಸರ ಬೇಡ, ಮೊದಲು ಅವನನ್ನೇ ಕೇಳಿ ಎಂದೆ. ನಿದ್ದೆ ಬಾರದೆ ಮನಸ್ಸು ತೀರಾ ಕುಗ್ಗಿದ ರಾತ್ರಿಗಳಿಗೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ಸಂಖ್ಯೆಯನ್ನು ತಾಯಿಯ ಫೋನಿನಲ್ಲಿ ಉಳಿಸಿಕೊಟ್ಟೆ.

ತಂದೆಯ ಮೊದಲ ವಾರದ ಸ್ನಾನಗಳು ಹಬ್ಬದಂತೇನೂ ನಡೆಯಲಿಲ್ಲ. ಒಂದು ದಿನ ನೀರು ಸುಡುತ್ತಿತ್ತು, ಇನ್ನೊಂದು ದಿನ ಸೋಪು ಕಣ್ಣಿಗೆ ಹೋಯಿತು, ತಾಯಿ ಬಚ್ಚಲ ಬಾಗಿಲ ಹಿಂದೆ ನಿಂತು “ಕತ್ತು ಹಿಡ್ಕೊಳ್ಳಿ, ಕತ್ತು” ಎಂದು ಕೂಗುತ್ತಿದ್ದರು. ಆ ಹೊತ್ತಿಗೆ ನೀವು ತೋಟಕ್ಕೆ ಹೋಗಿಬಿಡಿ ಎಂದೆ. ಅದು ನಾನು ಕೊಟ್ಟ ಸಲಹೆಗಳಲ್ಲೆಲ್ಲ ಅತ್ಯಂತ ಕಷ್ಟದ್ದಾಗಿತ್ತೆಂದು ಆಕೆ ಆಮೇಲೆ ಹೇಳಿದರು.

ಇದನ್ನು ಬರೆಯುವ ಹೊತ್ತಿಗೆ ಅರ್ಜಿ ಸಲ್ಲಿಕೆಯಾಗಿದೆ, ಸ್ವೀಕೃತಿ ಚೀಟಿ ಯುಡಿಐಡಿ ಕಾರ್ಡಿನ ಕವರಿನೊಳಗಿದೆ, ಹಣ ಇನ್ನೂ ಬಂದಿಲ್ಲ. ಸೊಂಟನೋವು ಇದೆ, ಎರಡು ರಾತ್ರಿಯ ನಿದ್ದೆ ಬರುತ್ತಿದೆ. ಮೈದುನನಿಗೆ ಹನಿ ನೀರಾವರಿಯ ಮಾತನ್ನು ಹೇಳಿದಿರಾ ಎಂದು ಕೇಳಿದೆ. “ಇಲ್ಲ ಮೇಡಂ, ಬಾಯಿಗೆ ಬಂದಿತ್ತು, ನುಂಗಿಕೊಂಡೆ, ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತಿಗೆ ಕೈಜೋಡಿಸೋಕೆ ಅವನೇ ಬರಬೇಕಲ್ಲ” ಎಂದರು. ಮುಂದಿನ ಭೇಟಿಗೆ ನಾನು ಸೂಚಿಸಿದ ದಿನ ಅವರಿಗೆ ಆಗುವುದಿಲ್ಲ. ಹುಳುಗಳು ನಾಲ್ಕನೇ ಜ್ವರ ಎದ್ದಿವೆ, ಅಂದರೆ ಕೊನೆಯ ಸಲ ಪೊರೆ ಕಳಚಿವೆ, ಇನ್ನು ಒಂದು ವಾರ ಹಗಲು ರಾತ್ರಿ ಸೊಪ್ಪು ಹಾಕಬೇಕು. ಗೂಡು ಕಟ್ಟಲು ಹುಳುಗಳನ್ನು ಚಂದ್ರಿಕೆಯ ತಟ್ಟೆಗೆ ಬಿಟ್ಟ ಮೇಲೆ ಬರುತ್ತಾರೆ.