ಅಪ್ಪನಿಗೂ ಮಾತಾಡಲು ಬಿಡಿ

ನಮಸ್ಕಾರ.

ನೀವು ಕಳಿಸಿದ ಏಕವ್ಯಕ್ತಿ ನಾಟಕವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ನಾಟಕ ಅಡಗಿದೆ. ಅದಕ್ಕೇ ಇಷ್ಟು ಉದ್ದದ ಪತ್ರ.

ದಾವಣಗೆರೆಯ ಬಟ್ಟೆ ಮಿಲ್ಲಿನಲ್ಲಿ ದುಡಿದ ಅಪ್ಪ ತೀರಿಕೊಂಡಿದ್ದಾನೆ. ಬೆಂಗಳೂರಿನಿಂದ ಬಂದ ಮಗ ಮನೆ ಖಾಲಿ ಮಾಡುತ್ತಾ ಹಳೆಯದನ್ನೆಲ್ಲ ನೆನೆಯುತ್ತಾನೆ. ಕಥೆ ಇಷ್ಟೇ, ಇಷ್ಟು ಸಾಕು ಕೂಡ. ತೊಂದರೆ ಏನೆಂದರೆ, 42 ಪುಟದಲ್ಲೂ ಮಗನೇ ಮಾತಾಡುತ್ತಾನೆ. ಅಪ್ಪ ಕಠೋರ, ಅಪ್ಪನಿಗೆ ಪ್ರೀತಿ ತೋರಿಸಲು ಬರಲಿಲ್ಲ, ಅಪ್ಪ ನನ್ನನ್ನು ಅರ್ಥ ಮಾಡಿಕೊಳ್ಳಲಿಲ್ಲ. ಹೇಳಿದ್ದನ್ನೇ ಹೇಳುತ್ತಾನೆ. ಪಾಪ, ಆ ಅಪ್ಪನಿಗೆ ಒಂದು ಉತ್ತರ ಕೊಡಲೂ ಜಾಗ ಇಲ್ಲ. ನಟ ಒಬ್ಬನೇ ಅಂದ ಮಾತ್ರಕ್ಕೆ ರಂಗದ ಮೇಲೆ ಒಬ್ಬನೇ ಮನುಷ್ಯ ಇರಬೇಕು ಅಂತೇನಿಲ್ಲ, ಅಲ್ವಾ?

ನಮ್ಮ ಹರಿಕಥೆಯನ್ನೇ ನೋಡಿ. ದಾಸರು ಚಿಟಿಕೆ ಹಿಡಿದು ಒಬ್ಬರೇ ನಿಂತಿರುತ್ತಾರೆ. ಈ ಕಡೆ ಹೊರಳಿದರೆ ಹಿರಣ್ಯಕಶಿಪು, ಆ ಕಡೆ ಹೊರಳಿದರೆ ಪ್ರಹ್ಲಾದ. "ಈ ಕಂಬದಲ್ಲಿ ಇದ್ದಾನೇನೋ ನಿನ್ನ ಹರಿ?" ಅಂತ ಗುಡುಗುವಾಗ ಅಪ್ಪನ ಸಿಟ್ಟು ನಿಜ. ಮರುಗಳಿಗೆಯಲ್ಲೇ ಮಗನ ಧೈರ್ಯವೂ ನಿಜ. ವೇಷ ಬದಲಿಸುವುದಿಲ್ಲ, ಒಳಗೆ ಹೋಗಿ ಬರುವುದಿಲ್ಲ. ಭುಜ ಹೊರಳುತ್ತದೆ, ದನಿ ಬದಲಾಗುತ್ತದೆ, ಅಷ್ಟೇ. ನಿಮ್ಮ ನಟನಿಗೂ ಈ ಕೆಲಸ ಕೊಡಿ. ನೀವು ಅದರ ಬದಲು ಆರು ಸಲ ಫೋನು ರಿಂಗಾಗಿಸಿದ್ದೀರಿ. "ಏನಂದ್ರಿ? ನಾಳೆ ಮನೆ ನೋಡೋಕೆ ಬರ್ತೀರಾ?" ಅಂತ ಆ ಕಡೆಯವರು ಹೇಳಿದ್ದನ್ನೆಲ್ಲ ಮಗ ಮತ್ತೆ ಹೇಳುತ್ತಾನೆ. ಯಾರೂ ಫೋನಿನಲ್ಲಿ ಹಾಗೆ ಮಾತಾಡುವುದಿಲ್ಲ. ಆರನ್ನೂ ತೆಗೆಯಿರಿ.

ಈಗ 11ನೇ ಪುಟಕ್ಕೆ ಬನ್ನಿ. "ಮಗ್ಗದ ಸದ್ದಿನಲ್ಲಿ ಕಿವಿ ಮಂದವಾಗಿ ಅಪ್ಪ ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದ" ಅಂತ ಒಂದು ಸಾಲು ಬರೆದು ಸುಮ್ನೆ ಮುಂದೆ ಹೋಗಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು! ಸಾಲುಸಾಲು ಮಗ್ಗಗಳು ಒಟ್ಟಿಗೆ ಓಡುವ ಜಾಗದಲ್ಲಿ ಪಕ್ಕದವನಿಗೆ ಏನಾದರೂ ಹೇಳಬೇಕಾದರೆ ಕಿವಿಗೆ ಬಾಯಿ ಹಚ್ಚಿ ಕೂಗಬೇಕು, ಇಲ್ಲ ಕೈಸನ್ನೆ ಮಾಡಬೇಕು. ಆ ಮನುಷ್ಯ ಪಾಳಿ ಮುಗಿಸಿ ಬಂದು "ಉಂಡೇನಲೇ?" ಅಂತ ಕೇಳಿದರೂ ಹುಡುಗನಿಗೆ ಬೈದ ಹಾಗೆ ಕೇಳುತ್ತದೆ. ಆಮೇಲೆ ದಾವಣಗೆರೆಯ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನಲ್ಲಿ ಮಗ್ಗ ಸುಮ್ಮನಾಯಿತು, ಅಪ್ಪನ ದನಿ ಮಾತ್ರ ಇಳಿಯಲಿಲ್ಲ. ಇಡೀ ನಾಟಕ ಈ ದನಿಯಲ್ಲಿದೆ. ಪ್ರೇಕ್ಷಕರಿಗೂ ಮೊದಲು ಅದು ಸಿಟ್ಟು ಅಂತಲೇ ಕೇಳಿಸಲಿ. ಮಗನಿಗೆ ತಿಳಿಯುವ ಹೊತ್ತಿಗೇ ಅವರಿಗೂ ತಿಳಿಯಲಿ.

ಹಾಗೆಯೇ, ಈ ಅಪ್ಪನ ಬಾಯಲ್ಲಿ "ಮಗನೇ, ಬದುಕೊಂದು ದೀರ್ಘ ಪಯಣ" ಅನ್ನುವ ಮಾತು ಬೇಡ. "ಉಂಡೇನಲೇ" ಅನ್ನುವವನು ಹಾಗೆ ಹೇಳುವುದಿಲ್ಲ.

ಕೈಗಡಿಯಾರದ ವಿಷಯ. ಕೊನೆಗೆ ಅಪ್ಪನ ಎಚ್‌ಎಂಟಿ ಜನತಾ ವಾಚಿನ ಬ್ಯಾಟರಿ ಮುಗಿದು ನಿಂತಿರುವುದನ್ನು ಮಗ ನೋಡಿ ಅಳುತ್ತಾನೆ. ಜನತಾಗೆ ಬ್ಯಾಟರಿಯೇ ಇಲ್ಲ. ಅದು ಕೀ ಕೊಡುವ ವಾಚು. ಇದು ಸಣ್ಣ ತಪ್ಪು ಅನಿಸಬಹುದು, ಆದರೆ ಇಂಥ ವಾಚು ಕಟ್ಟಿದವರು ಮೊದಲ ಸಾಲಿನಲ್ಲೇ ಕೂತಿರುತ್ತಾರೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ನಟನ ಕೈಗೆ ಸಿಗಬಹುದಾದ ಒಂದು ಕೆಲಸ ತಪ್ಪಿಹೋಗಿದೆ. ಬೆಳಿಗ್ಗೆ ಕೀ ಕೊಟ್ಟು ವಾಚನ್ನು ಕಿವಿಗೆ ಹಿಡಿಯುವುದು ಆಗ ಎಲ್ಲರ ರೂಢಿ. ಈ ಅಪ್ಪನಿಗೆ ಆ ಟಿಕ್ ಟಿಕ್ ಕೇಳಿಸುವುದಿಲ್ಲ. ಹಾಗಾದರೆ ಅವನು ಅದನ್ನು ಯಾರ ಕಿವಿಗೆ ಹಿಡಿಯುತ್ತಿದ್ದ? "ನಡೀತೈತೇನು ನೋಡಲೇ" ಅಂತ ಯಾರನ್ನು ಕೇಳುತ್ತಿದ್ದ? ಅದನ್ನು ನೀವೇ ಬರೆಯಬೇಕು.

ಯಯಾತಿ ಮತ್ತು ಪೂರುವಿನ ಕಥೆಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಯಯಾತಿ ಮಗನ ಯೌವನವನ್ನೇ ಕೇಳಿದವನು. ನಿಮ್ಮ ನಾಟಕದ ಅಪ್ಪ ಮಗನಿಂದ ಒಂದು ಲೋಟ ನೀರನ್ನೂ ಕೇಳಿಲ್ಲ. ಪುರಾಣ ಬೇಕೇ ಬೇಕು ಅಂದರೆ ಬಬ್ರುವಾಹನ ಹತ್ತಿರದವನು. ಕಾಣಿಕೆ ಹಿಡಿದು ತಲೆಬಾಗಿ ಬಂದ ಮಗನನ್ನು ಅರ್ಜುನ ಹೀಯಾಳಿಸುತ್ತಾನೆ. ಮೊದಲ ಸಂಬಳ ತಂದು ಕಾಲಿಗೆ ಬಿದ್ದ ಮಗನಿಗೆ ನಿಮ್ಮ ಅಪ್ಪ ಮಾಡಿದ್ದೂ ಅದನ್ನೇ. ಆ ಪ್ರಸಂಗ ಚೆನ್ನಾಗಿದೆ, ಪುರಾಣ ಇಲ್ಲದೆಯೂ ನಿಲ್ಲುತ್ತದೆ.

ಉದ್ದ ಜಾಸ್ತಿಯಾಯಿತು. ನಾನು ಜೋರಾಗಿ ಓದಿ ನೋಡಿದೆ, ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು. ಒಬ್ಬನೇ ನಟ, ಉಸಿರು ತೆಗೆದುಕೊಳ್ಳಲು ಒಳಗೆ ಹೋಗುವಂತಿಲ್ಲ. ಒಂದು ಗಂಟೆಗೆ ಇಳಿಸಿ.

11ನೇ ಪುಟವೊಂದನ್ನು ಮುಂದಿಟ್ಟುಕೊಂಡು ಅಲ್ಲಿಂದ ಹೊಸದಾಗಿ ಶುರು ಮಾಡಿ. ಉಳಿದ ಪುಟಗಳನ್ನು ಸದ್ಯಕ್ಕೆ ಎತ್ತಿಡಿ. ಬರೆದಾದ ಮೇಲೆ ನನಗೇ ಕಳಿಸಿ. ಕಾಯುತ್ತಿರುತ್ತೇನೆ.

ಇಂತಿ,
ಸಂಪಾದಕ